3.10 ಅಂದ್ರೆ 3.1 ಅಲ್ಲ: ವರ್ಷನ್ ಬದಲಾದರೂ ಟೆಸ್ಟ್ ಓಡಬೇಕಲ್ವಾ?

ಶಿರಸಿಯಲ್ಲಿ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಪಾಸ್ ಆಗುವ ಟೆಸ್ಟು ಕಾರವಾರದ ಗೆಳೆಯನ ಹತ್ತಿರ ಫೇಲ್. ಕೋಡ್ ಅದೇ, ಒಂದಕ್ಷರ ಬದಲಿಲ್ಲ. "ಎಂತ ಮಾರಾಯಾ, ನಿನ್ನ ಸರಾಸರಿ ಇಲ್ಲಿ ಬೇರೆಯೇ ಬರ್ತದೆ" ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಅದರ ಹಿಂದೆ ಎರಡು ರಾತ್ರಿ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪೈಥಾನ್, ಪಿಪ್, ಪೈಟೆಸ್ಟ್ ನಿಮಗೆ ಗೊತ್ತು ಅಂತಲೇ ಅಂದುಕೊಂಡಿದ್ದೇನೆ.

ಮೊದಲ ಫೇಲು

ಅಪ್ಪಯ್ಯನಿಗಾಗಿ ಒಂದು ಸಣ್ಣ ಪ್ರೋಗ್ರಾಮ್ ಮಾಡಿದ್ದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಒಂದೊಂದು ಬಗೆಗೂ ದರದ ಸರಾಸರಿ ತೆಗೆಯುತ್ತದೆ, ಅಷ್ಟೇ. ಡಾಕ್‌ಟೆಸ್ಟಿನಲ್ಲಿ (ಕೋಡಿನ ವಿವರಣೆಯೊಳಗೇ ಉದಾಹರಣೆ, ಬರಬೇಕಾದ ಉತ್ತರ ಬರೆದಿಡುವ ಟೆಸ್ಟು) ಸುಮ್ನೆ ಮೂರು ಅಂಕಿ ಹಾಕಿದ್ದೆ: 46000, 47000, 48000. ಲೆಕ್ಕದ ಲೈಬ್ರರಿ ನಂಪೈ ಕೊಡುವ ಸರಾಸರಿ ನನ್ನಲ್ಲಿ 47000.0 ಅಂತ ಬಂತು. ಅವನಲ್ಲಿ ಎನ್‌ಪಿ.ಫ್ಲೋಟ್64(47000.0) ಅಂತ ಬಂತು.

ಲೆಕ್ಕ ತಪ್ಪಿಲ್ಲ, ನೋಡಿ. ಡಾಕ್‌ಟೆಸ್ಟ್ ಬೆಲೆಯನ್ನು ಹೋಲಿಸುವುದಿಲ್ಲ, ಪರದೆ ಮೇಲೆ ಕಾಣುವ ಅಕ್ಷರಗಳನ್ನು ತಾಳೆ ನೋಡುತ್ತದೆ. 2024ರ ಜೂನ್‌ನಲ್ಲಿ ಬಂದ ನಂಪೈ 2.0, ಒಂಟಿ ಸಂಖ್ಯೆಯನ್ನು ತೋರಿಸುವಾಗ ಅದರ ಜಾತಿಯನ್ನೂ (ಟೈಪ್) ಸೇರಿಸಿ ತೋರಿಸಲು ಶುರು ಮಾಡಿತು. ನನ್ನದು ಪೈಥಾನ್ 3.8. ಅದಕ್ಕೆ 2.0 ಹಾಕಲು ಬರುವುದೇ ಇಲ್ಲ, ಹಾಗಾಗಿ ಪಿಪ್ ತಾನಾಗಿ 1.24.4 ತಂದು ಕೂರಿಸಿತ್ತು.

ಪರಿಹಾರ ಸುಲಭ. ಸರಾಸರಿಯನ್ನು ಫ್ಲೋಟ್ ಮಾಡಿ ಕೊಡಿ, ಇಲ್ಲಾ ಟೆಸ್ಟಿನಲ್ಲಿ ಪ್ರಿಂಟ್ ಮಾಡಿ. ಪ್ರಿಂಟ್ ಮಾಡಿದರೆ ಎರಡರಲ್ಲೂ 47000.0 ಅಂತಲೇ ಬರುತ್ತದೆ. ಹಳೇ ರೂಪದಲ್ಲಿ ತೋರಿಸು ಅಂತ ನಂಪೈಗೆ ಹೇಳುವ ಲೆಗಸಿ '1.25' ಅನ್ನುವ ಆಯ್ಕೆಯೂ ಇದೆ. ಆದರೆ ನನ್ನ 1.24ಕ್ಕೆ ಆ '1.25' ಏನಂತ ಗೊತ್ತಿಲ್ಲ, ಅದಕ್ಕೂ ಮತ್ತೆ ವರ್ಷನ್ ನೋಡಿ ಇಫ್ ಬರೆಯಬೇಕು. ಬೇಡವೇ ಬೇಡ ಅನ್ನಿಸಿತು.

ನಾನು ಬಿದ್ದ ಹೊಂಡ

ಪ್ರೋಗ್ರಾಮಿನ ಇನ್ನೊಂದು ಭಾಗ ಝೋನ್‌ಇನ್ಫೊ ಬಳಸುತ್ತದೆ. ಕಾಲವಲಯ ನೋಡಿಕೊಳ್ಳುವ ಆ ಮಾಡ್ಯೂಲ್ ಬಂದದ್ದೇ ಪೈಥಾನ್ 3.9ರಲ್ಲಿ. ಅದಕ್ಕೇ ಆ ಟೆಸ್ಟಿನ ಮೇಲೆ ಸ್ಕಿಪ್‌ಇಫ್ ಹಾಕಿದ್ದೆ: ಪೈಥಾನ್ ವರ್ಷನ್ '3.9'ಕ್ಕಿಂತ ಚಿಕ್ಕದಾದರೆ ಬಿಟ್ಟುಬಿಡು. ನನ್ನಲ್ಲಿ ಸ್ಕಿಪ್ ಆಯಿತು, ಸರಿ. ಗೆಳೆಯನದು 3.10.12, ಅಲ್ಲಿ ಓಡಬೇಕಿತ್ತು. ಫೇಲ್ ಏನೂ ಇಲ್ಲ, ಎಲ್ಲ ಹಸಿರು. ಖುಷಿಯಲ್ಲಿ ಮಲಗಿದೆ.

ಮಾರನೇ ದಿನ ನೋಡಿದರೆ ಚುಕ್ಕೆಗಳ ಸಾಲಿನಲ್ಲಿ ಒಂದೇ ಒಂದು 'ಎಸ್' ಕೂತಿದೆ. ಅಲ್ಲೂ ಸ್ಕಿಪ್ ಆಗಿತ್ತು!

ಯಾಕೆ ಅಂದರೆ, ನಾನು ಹೋಲಿಸಿದ್ದು ಎರಡು ಸ್ಟ್ರಿಂಗ್. ಸ್ಟ್ರಿಂಗ್ ಹೋಲಿಕೆ ಎಡದಿಂದ ಒಂದೊಂದೇ ಅಕ್ಷರ ನೋಡುತ್ತದೆ. '3' ಎರಡರಲ್ಲೂ ಇದೆ, ಮುಂದೆ ಹೋಗು. ಚುಕ್ಕೆ ಎರಡರಲ್ಲೂ ಇದೆ, ಮುಂದೆ ಹೋಗು. ಈಗ ಈ ಕಡೆ '1', ಆ ಕಡೆ '9'. ಒಂದು ಚಿಕ್ಕದು, ತೀರ್ಮಾನ ಮುಗಿಯಿತು. ಆ ಒಂದರ ಹಿಂದೆ ಸೊನ್ನೆ ಇದೆ, ಅದು ಹತ್ತು ಅಂತ ಅದು ನೋಡುವುದೇ ಇಲ್ಲ. ಅದರ ಪ್ರಕಾರ 3.10 ಚಿಕ್ಕದು, 3.9 ದೊಡ್ಡದು.

ನನ್ನ ತಲೆಗೆ ಇದು ಹತ್ತಿದ್ದು ಮನೆಯ ಪಹಣಿ ನೋಡಿದಾಗ. ಸರ್ವೆ ನಂಬರ್ 3, ಹಿಸ್ಸಾ 10, ಅಂದರೆ 3/10. ಅದನ್ನು ಯಾರೂ ಹಿಸ್ಸಾ 1 ಅಂತ ಓದುವುದಿಲ್ಲ, 9 ಆದಮೇಲೆ ಬರುವ ತುಂಡು ಅಂತಲೇ ಓದುತ್ತಾರೆ. ವರ್ಷನ್ನಿನ ಚುಕ್ಕೆಯೂ ಪಹಣಿಯ ಗೀಟಿನ ಹಾಗೆ, ದಶಮಾಂಶದ ಚುಕ್ಕೆ ಅಲ್ಲ. ಆಚೆ ಒಂದು ಸಂಖ್ಯೆ, ಈಚೆ ಇನ್ನೊಂದು ಸಂಖ್ಯೆ. ದಶಮಾಂಶ ಅಂತ ಓದುವ ತಪ್ಪನ್ನೂ ನಾನು ಬಿಡಲಿಲ್ಲ ಅನ್ನಿ. ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 3.10 ಅಂತ ಬರೆದೆ, ಅದು 3.1 ಆಯಿತು. '3.10' ಅಂತಲೇ ಬರೆಯಬೇಕು.

ಪೈಥಾನ್ ವರ್ಷನ್‌ಗೆ ಸಿಸ್.ವರ್ಷನ್_ಇನ್ಫೊ ತೆಗೆದುಕೊಂಡು (3, 9) ಜೊತೆ ಹೋಲಿಸಿ. ಲೈಬ್ರರಿಗಳಿಗೆ ಪ್ಯಾಕೇಜಿಂಗ್ ಮಾಡ್ಯೂಲಿನ ವರ್ಷನ್ ಬಳಸಿ. ಚುಕ್ಕೆಯಲ್ಲಿ ಒಡೆದು ನಾವೇ ಇಂಟ್ ಮಾಡಿಕೊಂಡರೆ ಸಾಲದಾ? ನಾನೂ ಹಾಗೇ ಮಾಡಿದೆ. 2.0.0ಆರ್‌ಸಿ1 ಅಂತ ಒಂದು (ಬಿಡುಗಡೆಗೆ ಮುಂಚಿನ ಪರೀಕ್ಷೆಯ ವರ್ಷನ್) ಬಂದರೆ ಇಂಟ್ ಅಲ್ಲೇ ಕುಸಿಯುತ್ತದೆ. ಪ್ಯಾಕೇಜಿಂಗ್ ಅದನ್ನು ಓದುತ್ತದೆ, ಆದರೆ 2.0.0ಕ್ಕಿಂತ ಚಿಕ್ಕದು ಅಂತ ಲೆಕ್ಕ ಹಾಕುತ್ತದೆ. ಹೊಸ ನಡವಳಿಕೆ ಮಾತ್ರ ಅದರಲ್ಲಿ ಆಗಲೇ ಇರುತ್ತದೆ. ಅದಕ್ಕೆ ನಾನು ಈಗ ಮೇಜರ್ ಸಂಖ್ಯೆ, ಅಂದರೆ ಮೊದಲ ಚುಕ್ಕೆಯ ಎಡಗಡೆಯದು, ಮಾತ್ರ ನೋಡುತ್ತೇನೆ.

ಇಷ್ಟೆಲ್ಲ ಕಲಿತ ಮೇಲೆ ಝೋನ್‌ಇನ್ಫೊ ಟೆಸ್ಟಿಗೆ ವರ್ಷನ್ನೇ ಬೇಕಿರಲಿಲ್ಲ ಅಂತ ಗೊತ್ತಾಯಿತು! ಪೈಟೆಸ್ಟಿನ ಇಂಪೋರ್ಟ್‌ಆರ್‌ಸ್ಕಿಪ್ ಸಾಕು: ಮಾಡ್ಯೂಲ್ ಇದ್ದರೆ ಓಡಿಸು, ಇಲ್ಲದಿದ್ದರೆ ಬಿಡು. ಜೊತೆಗೆ ಪ್ರತಿ ಸಲ -ಆರ್‌ಎಸ್ ಹಾಕಿ ಓಡಿಸಿ. ಯಾವುದು ಸ್ಕಿಪ್ ಆಯಿತು, ಯಾಕೆ ಅಂತ ಕೊನೆಯಲ್ಲಿ ಹೇಳುತ್ತದೆ.

ಯಾವ ಯಾವ ವರ್ಷನ್ ಮೇಲೆ?

ಎಲ್ಲದರ ಮೇಲೂ ಬೇಡ. ನಾವು ಒಪ್ಪಿಕೊಂಡ ಅತಿ ಹಳೆಯದು, ಅತಿ ಹೊಸದು, ಇವೆರಡು ಸಾಕು ಅಂತ, ಬೇರೆ ಬೇರೆ ವರ್ಷನ್ ಮೇಲೆ ಟೆಸ್ಟ್ ಓಡಿಸುವ ಟಾಕ್ಸ್‌ನಲ್ಲಿ ಹಾಕಿದೆ: ಪೈಥಾನ್ 3.8 ಜೊತೆ ನಂಪೈ 1.24.4, ಪೈಥಾನ್ 3.10 ಜೊತೆ ನಂಪೈ 2. ಆದರೆ ಎರಡೂ ಒಟ್ಟಿಗೆ ಬದಲಾದರೆ, ಫೇಲ್ ಆದಾಗ ಕಿತಾಪತಿ ಪೈಥಾನಿನದೋ ನಂಪೈಯದೋ ಹೇಗೆ ಗೊತ್ತಾಗಬೇಕು? ಅದಕ್ಕೆ ನಡುವೆ ಮೂರನೆಯದೊಂದು ಸೇರಿಸಿದೆ: ಪೈಥಾನ್ 3.10, ನಂಪೈ 1.24.4. ಹಳೇ ಡಾಕ್‌ಟೆಸ್ಟನ್ನು ವಾಪಸ್ ಹಾಕಿ ಮೂರರಲ್ಲೂ ಓಡಿಸಿ ನೋಡಿದೆ. ಬಿದ್ದದ್ದು ನಂಪೈ 2 ಇರುವ ಕಡೆ ಮಾತ್ರ.