ಬಸುರಾದ ಮೇಲೆ ಇನ್ಶೂರೆನ್ಸ್ ಮಾಡಿಸಿದರೆ ಹೆರಿಗೆ ಖರ್ಚು ಸಿಗುತ್ತದೆಯೇ?

ಪ್ರಶ್ನೆ: ಮಗಳಿಗೆ ಈಗ ನಾಲ್ಕು ತಿಂಗಳು. ಮೊದಲ ಹೆರಿಗೆ, ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಕುಮಟೆಗೆ ಕರೆತರುವವರಿದ್ದೇವೆ. ಅಳಿಯಂದಿರು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ನಮ್ಮದು ಎಪಿಎಲ್ ಕಾರ್ಡು. ಈಗ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದರೆ ಹೆರಿಗೆ ಖರ್ಚು ಸಿಗುತ್ತದೆಯೇ?

ಉತ್ತರ: ಈ ಹೆರಿಗೆಗೆ ಸಿಗುವುದಿಲ್ಲ ಅಮ್ಮ. ನಾವಾಗಿ ಕೊಳ್ಳುವ ಬಹುತೇಕ ಪಾಲಿಸಿಗಳಲ್ಲಿ ಹೆರಿಗೆ, ಸಿಸೇರಿಯನ್, ಅಪಘಾತದಿಂದಲ್ಲದ ಗರ್ಭಪಾತ ಎಲ್ಲವೂ ಹೊರಗೆ. ಗರ್ಭಕೋಶದ ಹೊರಗೆ ಬಸಿರು ನಿಂತರೆ ಮಾತ್ರ ಚಿಕಿತ್ಸೆಯ ಹಣ ಬರುತ್ತದೆ. ಹೆರಿಗೆಯನ್ನೂ ಸೇರಿಸಿದ ಪಾಲಿಸಿಗಳಿವೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ 9 ತಿಂಗಳಿಂದ 4 ವರ್ಷದವರೆಗೆ ಕಾಯಬೇಕು. ನಾಲ್ಕು ತಿಂಗಳ ಬಸುರಿಗೆ ಅದರಿಂದೇನು ಬಂತು? "ಬಸುರಿ ಅಂತ ಬರೆಯೋದೇ ಬೇಡ" ಎನ್ನುವ ಏಜೆಂಟರೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೊನೆಯ ಮುಟ್ಟಿನ ದಿನಾಂಕ ಇರುತ್ತದೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಕಂಪನಿ ಕೆಲಸ ಎಂದಿರಲ್ಲ, ನೀವು ನೋಡಬೇಕಾದ್ದು ಅಲ್ಲಿ. ಕಂಪನಿಯವರು ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ಗ್ರೂಪ್ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇಲ್ಲದಿರುವುದೇ ಹೆಚ್ಚು. ಮದುವೆಯಾದ ಕೂಡಲೇ ಮಗಳ ಹೆಸರು ಸೇರಿಸಿದ್ದಾರೆಯೇ ಎಂದು ಅಳಿಯಂದಿರನ್ನು ಇವತ್ತೇ ಕೇಳಿ. ಹೆರಿಗೆಗೆ ಅದರಲ್ಲೊಂದು ಮಿತಿ ಇರುತ್ತದೆ. ಪಾಲಿಸಿ ಐದು ಲಕ್ಷದ್ದಾದರೂ ಹೆರಿಗೆಗೆ 50,000 ರೂಪಾಯಿ ಮಾತ್ರ ಎಂದಿರಬಹುದು. ನಾರ್ಮಲ್ಲಿಗೆ ಒಂದು, ಸಿಸೇರಿಯನ್ನಿಗೆ ಇನ್ನೊಂದು ಮಿತಿ ಇರುವುದೂ ಉಂಟು.

ತೊಡಕು ಬರುವುದು ನಮ್ಮ ಪದ್ಧತಿಯಿಂದ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಬಿಲ್ಲನ್ನು ಇನ್ಶೂರೆನ್ಸಿನವರೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಆಸ್ಪತ್ರೆಗಳೆಲ್ಲ ಬೆಂಗಳೂರಿನಲ್ಲಿ! ಕುಮಟೆಯಲ್ಲಿ ನೀವು ನೋಡಿಟ್ಟ ನರ್ಸಿಂಗ್ ಹೋಮ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಹಾಕಬೇಕು. ಪಟ್ಟಿಯಲ್ಲಿಲ್ಲದ ಕಡೆಯೂ ಕ್ಯಾಶ್‌ಲೆಸ್ ಕೊಡುವ ವ್ಯವಸ್ಥೆ 2024ರ ಜನವರಿಯಲ್ಲಿ ಬಂದಿದೆ. ಆಸ್ಪತ್ರೆಗೆ ಕನಿಷ್ಠ 15 ಹಾಸಿಗೆ ಇರಬೇಕು, ಸೇರುವುದಕ್ಕೆ 48 ಗಂಟೆ ಮುಂಚೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು, ಆಸ್ಪತ್ರೆಯವರೂ ಒಪ್ಪಬೇಕು. ದಿನ ಗೊತ್ತುಮಾಡಿದ ಸಿಸೇರಿಯನ್ನಿಗೇನೋ ಸರಿ, ನಡುರಾತ್ರಿ ನೋವು ಶುರುವಾದವಳು 48 ಗಂಟೆ ಮೊದಲು ತಿಳಿಸುವುದೆಲ್ಲಿ? ಅಂಥ ತುರ್ತಿಗೆ ಸೇರಿದ ಮೇಲೆ 48 ಗಂಟೆಯೊಳಗೆ ತಿಳಿಸಿದರಾಯಿತು.

ನನ್ನ ತಂಗಿಯ ಹೆರಿಗೆ ಆದದ್ದು ಶಿರಸಿಯಲ್ಲಿ, ಗಂಡನ ಪಾಲಿಸಿ ಬೆಂಗಳೂರಿನದು. ಕ್ಲೇಮ್ ಎರಡು ಸಲ ವಾಪಸು ಬಂತು. ಮೊದಲ ಸಲ, ಔಷಧದ್ದು ಬಿಳಿ ಚೀಟಿಯಲ್ಲಿ ಮೊತ್ತ ಬರೆದು ಸೀಲು ಒತ್ತಿದ ಬಿಲ್ಲು, ಬಿಲ್ ನಂಬರೇ ಇಲ್ಲ. ಎರಡನೇ ಸಲ ಹೆಸರು. ಪಾಲಿಸಿಯಲ್ಲಿ ಅವಳು ಹೆಗಡೆ, ಆಸ್ಪತ್ರೆಯ ಕಾರ್ಡಿನಲ್ಲಿ ಅಪ್ಪಯ್ಯ ಬರೆಸಿದಂತೆ ಭಟ್. ಮಗುವಿಗೆ ಹಲ್ಲು ಬರುವ ಹೊತ್ತಿಗೆ ದುಡ್ಡು ಬಂತು. ಹಾಗಾಗಿ ಆಸ್ಪತ್ರೆಗೆ ಸೇರಿಸುವಾಗಲೇ ಪಾಲಿಸಿಯಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ಬರೆಸಿ, ಪ್ರತಿ ಬಿಲ್ಲಿಗೂ ನಂಬರ್ ಕೇಳಿ, ಮೂಲ ಕಾಗದಗಳನ್ನು ಕ್ಲೇಮಿಗಲ್ಲದೆ ಬೇರೆ ಯಾರಿಗೂ ಕೊಡಬೇಡಿ.

ಅಳಿಯಂದಿರ ಸಂಬಳ ತಿಂಗಳಿಗೆ 21,000ದೊಳಗಿದ್ದು ಅದರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ ಹೆಂಡತಿಯ ಹೆರಿಗೆಯೂ ಅದರಲ್ಲಿ ಸೇರುತ್ತದೆ. ನಮ್ಮ ಜಿಲ್ಲೆಯ ಇಎಸ್‌ಐ ಆಸ್ಪತ್ರೆ ಇರುವುದು ಮಾತ್ರ ದಾಂಡೇಲಿಯಲ್ಲಿ. ಕುಮಟೆಯಿಂದ ಬಸುರಿಯನ್ನು ಘಟ್ಟ ಹತ್ತಿಸಿ ಅಲ್ಲಿಗೆ ಒಯ್ಯಿ ಎಂದು ನಾನಂತೂ ಹೇಳಲಾರೆ.

ಇದ್ಯಾವುದೂ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆ ಇದೆಯಲ್ಲ. ಎಪಿಎಲ್ ಎಂದು ಹಿಂಜರಿಯುತ್ತಿದ್ದೀರಿ, ಬೇಡ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ರೇಷನ್ ಕಾರ್ಡಿನ ಬಣ್ಣ ನೋಡುವುದಿಲ್ಲ. ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ತಪಾಸಣೆ ಉಚಿತ. ಊಟವೂ ಉಂಟು, ನಾರ್ಮಲ್ಲಿಗೆ 3 ದಿನ, ಸಿಸೇರಿಯನ್ನಿಗೆ 7 ದಿನ. ತಾಲೂಕು ಆಸ್ಪತ್ರೆಯಿಂದ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ಗೆ ಕಳಿಸಿದರೆ ಆ ವಾಹನದ ಬಾಡಿಗೆಯೂ ನಿಮ್ಮ ಮೇಲೆ ಬೀಳಕೂಡದು.

ಆಯುಷ್ಮಾನ್ ಕಾರ್ಡಿದ್ದರೆ ಯಾವ ಖಾಸಗಿ ಆಸ್ಪತ್ರೆಯಲ್ಲಾದರೂ ಪುಕ್ಕಟೆ ಹೆರಿಗೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಗಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆ ಅಲ್ಲೇ. ಅಲ್ಲಿ ಆಗದ್ದಕ್ಕೆ ರೆಫರಲ್ ಚೀಟಿ ಕೊಟ್ಟರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಆಗಲೂ ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ, ನಿಮ್ಮಂಥ ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುವ ಗಡಿಬಿಡಿಯಲ್ಲಿ ಈ ಚೀಟಿ ಮರೆತವರನ್ನು ಕಂಡಿದ್ದೇನೆ. ಜೀವಕ್ಕೆ ಅಪಾಯ ಇರುವಾಗ ಚೀಟಿಗೆ ಕಾಯಬೇಕಿಲ್ಲ, ಅದೂ ಗೊತ್ತಿರಲಿ.

ಮಗು ಹುಟ್ಟಿದ ಕೂಡಲೇ ಅದರ ಹೆಸರನ್ನೂ ಕಂಪನಿ ಪಾಲಿಸಿಗೆ ಸೇರಿಸಲು ಅಳಿಯಂದಿರಿಗೆ ಹೇಳಿ, ನಾಮಕರಣದವರೆಗೆ ಕಾಯುವುದು ಬೇಡ, "ಇಂಥವರ ಮಗು" ಎಂದರೂ ನಡೆಯುತ್ತದೆ. ಮಗಳ ತಾಯಿ ಕಾರ್ಡು ಬೆಂಗಳೂರಿನಲ್ಲಿ ಆಗಿದ್ದರೆ ಕುಮಟೆಯಲ್ಲಿ ಇನ್ನೊಂದು ಮಾಡಿಸಬೇಡಿ. ಅದನ್ನೇ ತಂದು ನಿಮ್ಮ ಕೇರಿಯ ಆಶಾ ಕಾರ್ಯಕರ್ತೆಗೆ ತೋರಿಸಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಊರಿಗೆ ಬಂದ ಮೇಲೆ ಮೊದಲು ಸಿಗುವ 9ಕ್ಕೆ ಕಾರ್ಡು ಹಿಡಿದು ಹೋಗಿಬನ್ನಿ.