‘ವೈಬ್ರೇಶನ್ ಇನ್ನೂ ಸ್ವಲ್ಪ ಜೋರು ಮಾಡಿ ಸರ್’

ಆ್ಯಪ್‌ಗಳಿಗೆ ಫೋನಿನ ಕಂಪನ ಹೊಂದಿಸುವುದು ನನ್ನ ಕೆಲಸ. ಹೊಸ ಆ್ಯಪ್ ಕೈಗಿಟ್ಟ ಕೂಡಲೇ ಕೇಳಿಬರುವ ಮಾತು ಇದೇ. ಬಟನ್ ಒತ್ತಿದರೆ ಬೆರಳಿಗೆ ‘ಟಕ್’ ಅನ್ನಿಸುತ್ತಿಲ್ಲವಂತೆ. ದೂರು ಸರಿಯಾಗಿಯೇ ಇರುತ್ತದೆ, ಮದ್ದು ಮಾತ್ರ ತಪ್ಪು.

‘ಟಕ್’ ಅನ್ನಿಸಬೇಕಾದರೆ ಕಂಪನ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲಬೇಕು. ಫೋನನ್ನು ನಡುಗಿಸುವ ಹಳೆಯ ಬಗೆಯ ಮೋಟಾರಿನಲ್ಲಿ ಒಂದೇ ಕಡೆ ಭಾರವಿರುವ ಪುಟ್ಟ ತುಂಡೊಂದು ಗಿರಗಿರ ತಿರುಗುತ್ತದೆ. ಅದು ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಕರೆಂಟ್ ನಿಂತ ಮೇಲೂ ಇನ್ನಷ್ಟು ಹೊತ್ತು ತಿರುಗುತ್ತದೆ. ಇದನ್ನು ಜೋರು ಮಾಡಲು ಹೋದರೆ ಸಿಗುವುದು ‘ಗುರ್ರ್’. ಸ್ಪ್ರಿಂಗಿಗೆ ಕಟ್ಟಿದ ಭಾರ ಹಿಂದೆ ಮುಂದೆ ಆಡುವ ಬಗೆ ಇದಕ್ಕಿಂತ ಚುರುಕು. ಅದಕ್ಕೂ ಬ್ರೇಕ್ ಬೇಕು. ಕೊನೆಯಲ್ಲಿ ಚೂರು ಉಲ್ಟಾ ಕರೆಂಟ್ ಕೊಟ್ಟು ಭಾರವನ್ನು ತಡೆಯಬೇಕು. ಬಾಲ ಕತ್ತರಿಸಿದ ಆ ಪುಟ್ಟ ಕಂಪನವೇ ಬೆರಳಿಗೆ ಗಟ್ಟಿಯಾಗಿ ತಾಕುತ್ತದೆ.

ಒಮ್ಮೆ ಹಣ ಕಳಿಸುವ ಆ್ಯಪಿನವರು ಇದೇ ದೂರು ಹೊತ್ತು ಬಂದರು. ನೋಡಿದರೆ, ಅವರ ಫೋನ್ ಸರ್ವರಿನಿಂದ ಉತ್ತರ ಬಂದ ಮೇಲೆ ನಡುಗುತ್ತಿತ್ತು. ಅಷ್ಟರಲ್ಲಿ ಬೆರಳು ಗಾಜಿನಿಂದ ಎದ್ದಾಗಿರುತ್ತಿತ್ತು! ಎಷ್ಟು ನಡುಗಿಸಿದರೆ ಏನು ಬಂತು? ಒತ್ತಿದ ಗಳಿಗೆಗೇ ಒಂದು ಸಣ್ಣ ‘ಟಕ್’ ಇಟ್ಟೆ. ಹಣ ಹೋಯಿತು ಎನ್ನಲು ಬೇರೆಯದೇ ಗುರುತು, ಅದು ಉತ್ತರ ಬಂದ ಮೇಲೆಯೇ. ಈ ಎರಡನ್ನೂ ಬೆರೆಸಬಾರದು. ಹೋಗದ ಹಣ ಹೋಯಿತೆಂದು ಜನ ನಂಬಿಬಿಡುತ್ತಾರೆ. ಜೋರನ್ನು ನಾನು ಮುಟ್ಟಲೇ ಇಲ್ಲ. ಮ್ಯಾನೇಜರ್ ಒತ್ತಿ ನೋಡಿ, “ಹಾಂ, ಈಗ ಜೋರಾಯ್ತು ನೋಡಿ” ಅಂದರು. ಪಾಪ, ಸುಮ್ನೆ ತಲೆಯಾಡಿಸಿದೆ.

ಬೆರಳನ್ನು ನಂಬಿಸುವುದು ಅಷ್ಟು ಸುಲಭ. ಆಪಲ್ 2015ರಲ್ಲಿ ತನ್ನ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ಕಿಗೆ ತಂದ ಟ್ರ್ಯಾಕ್‌ಪ್ಯಾಡ್ (ಮೌಸ್ ಬದಲು ಬೆರಳಾಡಿಸುವ ಹಲಗೆ) ಹಳೆಯದರಂತೆ ಕೆಳಗಿಳಿಯುವುದಿಲ್ಲ. ಒತ್ತಿದಾಗ ಒಳಗಿನ ಮೋಟಾರು ಅದನ್ನು ಒಂದಿಷ್ಟೇ ಅಡ್ಡಕ್ಕೆ ಅಲುಗಿಸುತ್ತದೆ. ಬೆರಳಿಗೆ ಒಳಗೆ ಇಳಿದಂತೆಯೇ ಅನಿಸುತ್ತದೆ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಒತ್ತಿ, ಕ್ಲಿಕ್ ಮಾಯ.

ಜೋರೇ ಬೇಡ ಎನ್ನುತ್ತಿಲ್ಲ. ಜೇಬಿನಲ್ಲಿರುವ ಫೋನಿಗೆ ಕರೆ ಬಂದಾಗ ಬೇಕು. ವಯಸ್ಸಾದವರ ಬೆರಳಿಗೆ ಸೂಕ್ಷ್ಮ ಕಂಪನ ತಿಳಿಯದೇ ಹೋಗಬಹುದು. ಆದರೆ ಪ್ರತಿ ಅಕ್ಷರಕ್ಕೂ ಕೈ ನಡುಗಿದರೆ ಚರ್ಮ ಒಗ್ಗಿಕೊಂಡು ಮಂಕಾಗುತ್ತದೆ, ಇಲ್ಲವೇ ಜನ ರೋಸಿ ಸೆಟ್ಟಿಂಗಿನಲ್ಲಿ ವೈಬ್ರೇಶನ್ನನ್ನೇ ಆಫ್ ಮಾಡುತ್ತಾರೆ. ಆಫ್ ಮಾಡಿದವರ ಫೋನನ್ನು ದಯವಿಟ್ಟು ಕದ್ದುಮುಚ್ಚಿ ನಡುಗಿಸಬೇಡಿ. ಹಾಗೆ ನಡುಗಿಸಿ ಎಂಬ ಕೋರಿಕೆಯೂ ನನಗೆ ಬಂದಿದೆ.