ಎರಡು ಹೋಳಿನ ಕೀಬೋರ್ಡಿನಲ್ಲಿ ‘ಬ’ ಎಲ್ಲಿ ಹೋಯಿತು?

ಪ್ರಶ್ನೆ: ಸ್ಪ್ಲಿಟ್ ಕೀಬೋರ್ಡ್ ತಂದು ಐದು ದಿನವಾಯಿತು. ನುಡಿ ವಿನ್ಯಾಸದಲ್ಲಿ ಟೈಪ್ ಮಾಡುತ್ತೇನೆ. ವೇಗ ಅರ್ಧಕ್ಕಿಂತ ಕೆಳಗಿಳಿದಿದೆ. ‘ಬ’ ಒತ್ತಲು ಹೋದರೆ ಬೆರಳು ಮೇಜಿಗೆ ತಾಗುತ್ತದೆ. ಹಳೆಯದಕ್ಕೇ ಮರಳಲೇ?

ಉತ್ತರ: ಮರಳಬೇಡಿ. ಮೊದಲ ವಾರ ವೇಗ ಅರ್ಧಕ್ಕಿಳಿಯುವುದು ಸಾಮಾನ್ಯ. ಬೆರಳು ಮೇಜಿಗೆ ತಾಗುತ್ತಿದೆ ಎಂದರೆ ಇಷ್ಟು ವರ್ಷ ಬಿ ಕೀಯನ್ನು ನೀವು ಬಲಗೈಯಿಂದ ಒತ್ತುತ್ತಿದ್ದಿರಿ. ಸ್ಪ್ಲಿಟ್‌ನಲ್ಲಿ ಟಿ, ಜಿ, ಬಿ ಎಡಹೋಳಿನವು. ವೈ, ಎಚ್, ಎನ್ ಬಲಹೋಳಿನವು. ಬಿ ಎಡಗೈ ತೋರುಬೆರಳಿನ ಪಾಲು.

ಕೀಗಳು ನೇರ ಕಂಬಸಾಲಿನಲ್ಲಿದ್ದರೆ ಇನ್ನೊಂದು ತೊಡಕಿದೆ. ಮಾಮೂಲಿ ಕೀಬೋರ್ಡಿನಲ್ಲಿ ಕೆಳಸಾಲು ಸುಮಾರು ಅರ್ಧ ಕೀಯಷ್ಟು ಬಲಕ್ಕೆ ಸರಿದಿರುತ್ತದೆ. ಇಲ್ಲಿ ಎಕ್ಸ್ ಇರುವುದು ಎಸ್‌ನ ನೇರ ಕೆಳಗೆ. ಹಳೆಯ ಅಭ್ಯಾಸದಲ್ಲಿ ಬಲಕ್ಕೆ ಜಾರುವ ಬೆರಳು ‘ಷ’ ಬದಲು ‘ಚ’ ಹೊಡೆಯುತ್ತದೆ, ‘ಮ’ ಬದಲು ಅಲ್ಪವಿರಾಮ. ಬೆರಳನ್ನು ಓರೆಯಾಗಿ ಚಾಚದೆ ನೇರ ಹಿಂದಕ್ಕೆ ಮಡಚಿ.

ನಿಜವಾದ ಕೆಲಸ ಇರುವುದು ಶಿಫ್ಟ್‌ನಲ್ಲಿ. ನುಡಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ದೀರ್ಘ ಸ್ವರಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು, ಹಾಗಾಗಿ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಸಲ ಕಿರುಬೆರಳು ದುಡಿಯುತ್ತದೆ. ‘ಭಾಷೆ’ ಬರೆದು ನೋಡಿ: ಶಿಫ್ಟ್-ಬಿ, ಶಿಫ್ಟ್-ಎ, ಎಕ್ಸ್, ಇ. ನಾಲ್ಕೂ ಎಡಗೈಯವೇ. ಎಡಗಿರುಬೆರಳಲ್ಲಿ ಶಿಫ್ಟ್ ಹಿಡಿದು ಅದೇ ಕೈಯ ತೋರುಬೆರಳನ್ನು ಬಿ ಕಡೆಗೆ ಚಾಚಿದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ. ನಿಮ್ಮ ಕೀಬೋರ್ಡಿನಲ್ಲಿ ಕೀ ಬದಲಿಸುವ ಸೌಲಭ್ಯವಿದ್ದರೆ (ವಿಯಾ ತಂತ್ರಾಂಶ ಸಾಕು) ಶಿಫ್ಟನ್ನು ಬಲ ಹೆಬ್ಬೆರಳಿಗೂ ಸ್ಪೇಸನ್ನು ಎಡ ಹೆಬ್ಬೆರಳಿಗೂ ಕೊಡಿ. ಹೆಬ್ಬೆರಳು ಬೇರೆ ಅಕ್ಷರ ಒತ್ತುವುದಿಲ್ಲವಾದ್ದರಿಂದ ಎಡಗೈಯ ‘ಭ’ಕ್ಕೂ ಬಲಗೈಯ ‘ಖ’ಕ್ಕೂ ಒಂದೇ ಶಿಫ್ಟ್ ಒದಗುತ್ತದೆ. ‘ಒನ್-ಶಾಟ್’ ಶಿಫ್ಟ್ ಇಟ್ಟುಕೊಂಡರೆ ಒತ್ತಿ ಹಿಡಿಯುವುದೂ ಬೇಡ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅನ್ವಯಿಸುತ್ತದೆ.

ಎ, ಎಸ್, ಡಿ, ಎಫ್ ಕೀಗಳಿಗೇ ಕಂಟ್ರೋಲ್, ಆಲ್ಟ್ ಜೋಡಿಸುವ (ತಟ್ಟಿದರೆ ಅಕ್ಷರ, ಒತ್ತಿ ಹಿಡಿದರೆ ಕಂಟ್ರೋಲ್ ಅಥವಾ ಆಲ್ಟ್) ಆಸೆ ಈಗಲೇ ಬೇಡ. ಇಂಥ ಕೀಬೋರ್ಡುಗಳ ಒಳಗೆ ಓಡುವ ಕ್ಯೂಎಂಕೆ ತಂತ್ರಾಂಶದಲ್ಲಿ ತಟ್ಟುವುದಕ್ಕೂ ಹಿಡಿಯುವುದಕ್ಕೂ ಇರುವ ಗಡಿ ಮೊದಲಿಗೆ 200 ಮಿಲಿಸೆಕೆಂಡ್. ನಿಧಾನವಾಗಿ ಒತ್ತುವವರ ಅಕ್ಷರ ಅದನ್ನು ಮೀರಿ ಕಂಟ್ರೋಲ್ ಆಗಿಬಿಡುತ್ತದೆ. ನುಡಿಯಲ್ಲಿ ಒತ್ತಕ್ಷರಕ್ಕೆ ಬೇಕಾದದ್ದು ಎಫ್; ಅಲ್ಲಿ ಎಡವಿದರೆ ‘ಕನ್ನಡ’ವನ್ನೇ ಸರಿಯಾಗಿ ಬರೆಯಲಾಗದು.

ಹೋಳುಗಳನ್ನು ಮೊದಲ ದಿನವೇ ಭುಜದಗಲಕ್ಕೆ ಸರಿಸಬೇಡಿ. ಒಂದು ಅಂಗೈ ಅಂತರದಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಬೆರಳಗಲ ಹೆಚ್ಚಿಸಿ. ಒಳಅಂಚನ್ನು ಎತ್ತುವುದಾದರೆ 5ರಿಂದ 10 ಡಿಗ್ರಿ ಸಾಕು. ದಿನಕ್ಕೆ ಎರಡು ಸಲ 15 ನಿಮಿಷ, ತಪ್ಪಿಲ್ಲದೆ ಬರೆಯುವಷ್ಟು ನಿಧಾನವಾಗಿ ‘ಭಾಷೆ’, ‘ಬೆಂಬಲ’, ‘ಐದು’, ‘ಯಾಕೆ’ ಬರೆಯಿರಿ. ತುರ್ತು ಕೆಲಸಕ್ಕೆ ಹಳೆಯ ಕೀಬೋರ್ಡ್ ಪಕ್ಕದಲ್ಲಿರಲಿ. ಅದನ್ನು ಪೂರ್ತಿ ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ತಡವರಿಸಬೇಕಾಗುತ್ತದೆ. ಮೂರು ನಾಲ್ಕು ವಾರದಲ್ಲಿ ವೇಗ ಬಹುಮಟ್ಟಿಗೆ ಮರಳುತ್ತದೆ.

ಹೆಬ್ಬೆರಳ ಬುಡದಲ್ಲಿ ನೋವು ಬಂದರೆ ಅದಕ್ಕೆ ವಹಿಸಿದ ಕೀಗಳನ್ನು ಕಡಿಮೆ ಮಾಡಿ. ಬೆರಳು ಜೋಮುಗಟ್ಟಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇನ್ನೊಂದು, ಹೋಳುಗಳ ನಡುವೆ ಹೆಡ್‌ಫೋನ್ ಪಿನ್ನಿನಂಥ ಕೇಬಲ್ ಇದ್ದರೆ ಯುಎಸ್‌ಬಿ ತೆಗೆಯದೆ ಅದನ್ನು ಕೀಳಬೇಡಿ: ಪಿನ್ ಜಾರುವಾಗ ಶಾರ್ಟ್ ಆಗಿ ಒಳಗಿನ ಚಿಪ್ ಸುಡಬಹುದು.